ಸಂಡೂರಿನವಳು ಮತ್ತು ಮೂರನೇ ಹಾಸಿಗೆ

ನಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಹೃದಯದ ವಾರ್ಡು ಶುರುವಾಗುತ್ತದೆ ಎಂದಾಗ ಅದರ ಇನ್‌ಚಾರ್ಜ್ ಸಿಸ್ಟರ್ ಯಾರಾಗುತ್ತಾರೆ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ನನಗಂತೂ ಇರಲೇ ಇಲ್ಲ. ಹೊಸಪೇಟೆಯಲ್ಲಿ ಆಗ ಅದಿರಿನ ಸುಗ್ಗಿ. ಹಗಲಿರುಳು ಲಾರಿಗಳು, ಊರ ತುಂಬ ಕೆಂಪು ಧೂಳು, ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ದೊಡ್ಡ ಕಾರಿನಲ್ಲಿ. ಅಂಥವರಿಗೆ ಎದೆನೋವು ಬಂದರೆ ಬೆಂಗಳೂರು ದೂರ. ಅದಕ್ಕೇ ನಮ್ಮ ಡಾಕ್ಟರು ನಾಲ್ಕು ಹಾಸಿಗೆ, ನಾಲ್ಕು ಮಾನಿಟರ್, ಒಂದು ಶಾಕ್ ಯಂತ್ರ ತರಿಸಿದ್ದರು. ಪರದೆ ಬಟ್ಟೆ ಆರಿಸಿದ್ದು ನಾನು, ಔಷಧದ ಕಪಾಟು ಜೋಡಿಸಿದ್ದು ನಾನು, ಆಕ್ಸಿಜನ್ ಪೈಪು ಸೋರುತ್ತದೆಂದು ಗುತ್ತಿಗೆದಾರನ ಜೊತೆ ಬಾಯಿ ಮಾಡಿದ್ದೂ ನಾನೇ.

ವಾರ್ಡು ತೆರೆಯುವ ದಿನ ಡಾಕ್ಟರು ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. ತೆಳ್ಳಗಿದ್ದಳು. ಸಂಡೂರಿನಿಂದ ಬಸ್ಸಿನಲ್ಲಿ ಬಂದಿದ್ದಳು, ಹುಬ್ಬಿನ ಮೇಲೆಲ್ಲ ಕೆಂಪು ಧೂಳು ಕೂತಿತ್ತು.

"ಇವ್ರು ಬೆಂಗಳೂರಿನ್ಯಾಗ ಹೃದಯದ ಆಸ್ಪತ್ರಿಯೊಳಗ ಕೆಲಸ ಮಾಡ್ಯಾರ. ಇಸಿಜಿ ಓದೋದು ನಿಮಗೆಲ್ಲ ಕಲಸ್ತಾರ," ಎಂದರು ಡಾಕ್ಟರು. "ದಸರಾ ಮುಗೀಲಿ, ಇನ್‌ಚಾರ್ಜ್ ಯಾರಂತ ಆಮ್ಯಾಲ ನೋಡೋಣು."

ಆ ಮಾತು ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸೇರಿದಾಗಿನಿಂದ ಈ ಆಸ್ಪತ್ರೆ ಬಿಟ್ಟು ಬೇರೆಡೆ ಕೆಲಸ ಮಾಡಿದವಳಲ್ಲ ನಾನು. ಸೂಜಿ ಚುಚ್ಚಲು ಯಾರ ಕೈಗೂ ಸಿಗದ ನರ ನನ್ನ ಕೈಗೆ ಸಿಗುತ್ತಿತ್ತು. ನನಗಿಂತ ಎಷ್ಟೋ ಚಿಕ್ಕವಳು, ಬಸ್ಸಿನ ಧೂಳನ್ನೂ ಒರೆಸಿಕೊಳ್ಳದೆ ಬಂದವಳು ನನಗೆ ಕಲಿಸುವುದೇ? ಅವತ್ತಿನಿಂದ ಅವಳ ಹೆಸರು ನನ್ನ ಬಾಯಲ್ಲಿ ಬರಲಿಲ್ಲ. ಮನೆಯಲ್ಲಿ, ಕ್ಯಾಂಟೀನಿನಲ್ಲಿ, ಎಲ್ಲ ಕಡೆ ಅವಳು 'ಸಂಡೂರಿನವಳು'.

ಪಾಠ ಮಧ್ಯಾಹ್ನದ ಹೊತ್ತು, ನರ್ಸಿಂಗ್ ಟೇಬಲ್ ಸುತ್ತ. ಹೃದಯದ ಚಿತ್ರ ಬರೆದು, ಬಲಗಡೆ ಮೇಲಿನ ಕೋಣೆಯ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟಳು. ಬಡಿತದ ಕರೆಂಟು ಹುಟ್ಟುವುದು ಇಲ್ಲಿ, ಇದು ಎಸ್‌ಎ ನೋಡ್. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಇನ್ನೊಂದು ಚುಕ್ಕೆ, ಎವಿ ನೋಡ್.

"ಅಕ್ಕಾರ, ನೀವು ಕಂಪ್ಲಿಯವರು, ಕಾಲುವಿ ನೋಡೀರಿ," ಎಂದಳು ನನ್ನ ಕಡೆ ತಿರುಗಿ. "ಮ್ಯಾಲ ತೂಬು ಎತ್ತಿದ್ರ ನೀರು ಬರ್ತೈತಿ. ನಡುವ ಒಂದು ಗೇಟು ಐತಿ, ಅದು ನೀರ್ನ ಒಂಚೂರು ತಡೀತೈತಿ. ಯಾಕಂದ್ರ ಮ್ಯಾಲಿನ ಕೋಣಿ ಪೂರಾ ಖಾಲಿ ಆಗ್ಬೇಕಲ್ಲ. ಆಮ್ಯಾಲ ಬಿಟ್ರ ಎಡಕ್ಕ ಬಲಕ್ಕ ಕವಲು ಒಡದು ಎಲ್ಲಾ ಹೊಲಕ್ಕೂ ಒಮ್ಮಿಗೇ ಹರೀತೈತಿ."

ಕಾಲುವೆ ನಮ್ಮದು. ಗುಡ್ಡದ ಊರಿನವಳಿಗೆ ಕಾಲುವೆಯ ಉಸಾಬರಿ ಯಾಕೆ ಎಂದುಕೊಂಡೆ. ಆದರೆ ಮಾತು ಒಳಗೆ ಇಳಿದಿತ್ತು. ನರ್ಸಿಂಗ್ ಶಾಲೆಯಲ್ಲಿ ಉರು ಹೊಡೆದು ಮರೆತದ್ದು ಅವತ್ತು ಮೊದಲ ಸಲ ಅರ್ಥವಾಯಿತು. ಅವಳಿಂದ ಅರ್ಥವಾಯಿತಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು.

ಆಮೇಲೆ ಇಸಿಜಿ ಪಟ್ಟಿ. ಮೇಲಿನ ಕೋಣೆಗಳಲ್ಲಿ ಕರೆಂಟು ಹರಿದಾಗ ಏಳುವ ಸಣ್ಣ ಗುಡ್ಡ ಪಿ. ನಡುವಿನ ಗೇಟಿನಲ್ಲಿ ತಡೆದು ಕೆಳಗೆ ತಲುಪುವವರೆಗಿನ ಹೊತ್ತು ಪಿಆರ್. ಕೆಳಗಿನ ದೊಡ್ಡ ಕೋಣೆಗಳಿಗೆ ಹರಿದಾಗ ಏಳುವ ಚೂಪು ಮೊನೆ ಕ್ಯೂಆರ್‌ಎಸ್. ಅವು ಸುಧಾರಿಸಿಕೊಳ್ಳುವಾಗ ಬರುವ ದುಂಡನೆ ಅಲೆ ಟಿ. ಕಾಗದದ ಮೇಲೆ ಅಡ್ಡಡ್ಡ ಐದು ಸಣ್ಣ ಚೌಕ ಸೇರಿದರೆ ಒಂದು ದೊಡ್ಡ ಚೌಕ. ಎರಡು ಮೊನೆಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅದರಿಂದ ಮುನ್ನೂರನ್ನು ಭಾಗಿಸಿದರೆ ನಿಮಿಷಕ್ಕೆ ಎಷ್ಟು ಬಡಿತ ಎಂಬುದು ಸಿಗುತ್ತದೆ. ಬಡಿತ ಸಮವಾಗಿದ್ದರೆ ಮಾತ್ರ ಈ ಲೆಕ್ಕ.

ಯಾವ ಪಟ್ಟಿ ಕೈಗೆ ಬಂದರೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು ಎಂಬುದು ಅವಳ ಹಟ. ವೇಗ ಎಷ್ಟು? ಬಡಿತಗಳ ಅಂತರ ಸಮವಾಗಿದೆಯೇ? ಪ್ರತಿ ಮೊನೆಯ ಮುಂದೆ ಒಂದು ಪಿ ಇದೆಯೇ? ಪಿಆರ್ ಐದು ಸಣ್ಣ ಚೌಕದೊಳಗಿದೆಯೇ? ಮೊನೆ ಸಪೂರವೋ, ಮೂರು ಚೌಕ ಮೀರಿ ಅಗಲವೋ? "ನೋಡಿದ ಕೂಡಲೇ ಹೆಸರು ಹೇಳಬ್ಯಾಡ್ರಿ. ಬೆಂಗಳೂರಿನ್ಯಾಗ ಹಂಗ ಹೇಳಿದ್ರ ಬೈತಿದ್ರು." ದಿನಕ್ಕೆ ಹತ್ತು ಸಲ ಈ ಬೆಂಗಳೂರು ಬರುತ್ತಿತ್ತು. ಕೇಳಿದಾಗಲೆಲ್ಲ ನಾನು ಔಷಧದ ಟ್ರೇಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ನನ್ನ ಮಾನ ಮೊದಲ ಸಲ ಹೋದದ್ದು ಪಾಪಿನಾಯಕನಹಳ್ಳಿಯ ಒಬ್ಬ ತಾಯಿಯ ಪಟ್ಟಿಯಿಂದ. ತಲೆ ಸುತ್ತುತ್ತದೆ ಎಂದು ಬಂದಿದ್ದರು. ನಾಡಿ ಹಿಡಿದರೆ ನಡುನಡುವೆ ಒಂದೊಂದು ತಪ್ಪುತ್ತಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಸಿಸ್ಟರ್, ಏನಿದು?" ಎಂದರು. ಬಡಿತ ಸಮ ಇಲ್ಲ, ಅಷ್ಟೇ ಕಂಡಿತು. "ಏಟ್ರಿಯಲ್ ಫಿಬ್ರಿಲೇಷನ್, ಸರ್," ಎಂದುಬಿಟ್ಟೆ. ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ನಡುಗುತ್ತಿದ್ದರೆ ಹಾಗೆನ್ನುತ್ತಾರೆ. ಆಗ ಪಿ ಇರುವುದೇ ಇಲ್ಲ.

"ಅಕ್ಕಾರ, ಪಿ ಐತಲ್ರಿ," ಎಂದಳು ಪಕ್ಕದಲ್ಲೇ ನಿಂತಿದ್ದ ಸಂಡೂರಿನವಳು.

ಬಿಳಿ ಕಾಗದದ ಅಂಚನ್ನು ಪಟ್ಟಿಯ ಕೆಳಗಿಟ್ಟು ಪಿಗಳಿಗೆಲ್ಲ ಗುರುತು ಹಾಕಿದಳು. ಪಿಗಳು ಸಮಸಮ ಅಂತರದಲ್ಲಿ ನಡೆಯುತ್ತಿದ್ದವು. ಮೊದಲ ಬಡಿತದಲ್ಲಿ ಪಿಆರ್ ಸಣ್ಣದು, ಮುಂದಿನದರಲ್ಲಿ ಸ್ವಲ್ಪ ಉದ್ದ, ಅದರ ಮುಂದಿನದರಲ್ಲಿ ಇನ್ನೂ ಉದ್ದ, ಆಮೇಲೆ ಒಂದು ಪಿ ಒಂಟಿಯಾಗಿ ಉಳಿದು ಅದರ ಹಿಂದೆ ಮೊನೆಯೇ ಇಲ್ಲ. ನಡುವಿನ ಗೇಟು ಸಲಸಲಕ್ಕೂ ತಡಮಾಡುತ್ತ ಕೊನೆಗೊಂದು ಸಲ ತೆರೆಯುವುದೇ ಇಲ್ಲ ಎಂದು ವಿವರಿಸಿದಳು. ಡಾಕ್ಟರು ತಲೆದೂಗಿದರು. ಆ ತಾಯಿ ನುಂಗುತ್ತಿದ್ದ ಬಿಪಿ ಮಾತ್ರೆಯೇ ಗೇಟನ್ನು ನಿಧಾನ ಮಾಡಿತ್ತೆಂದು ತಿಳಿದು ಅದನ್ನು ನಿಲ್ಲಿಸಿದರು. ನಾನು ಹಾಸಿಗೆಯ ಚಾದರ ಸರಿಪಡಿಸುವ ನೆಪದಲ್ಲಿ ಬಗ್ಗಿ ಮುಖ ಮರೆಸಿಕೊಂಡೆ.

ಅವತ್ತು ಸಂಜೆ ವಾರ್ಡಿನಲ್ಲಿ ಬಿಸಾಡಿದ ಪಟ್ಟಿಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ಮನೆಗೆ ಬಂದೆ. ಒಲೆಯ ಮೇಲೆ ಅನ್ನ ಬೇಯುವಾಗ ಅಡುಗೆ ಕಟ್ಟೆಯ ಮೇಲೆ ಅವನ್ನು ಹರಡಿ, ಕಾಗದದ ಅಂಚಿಟ್ಟು ಅಳೆದೆ. ಮರುದಿನವೂ ಅದೇ. ಅದರ ಮರುದಿನವೂ ಅದೇ. ರೋಗಿಗಳ ಸೇವೆಗೆ ಕಲಿತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳಿಗಿಂತ ಮೊದಲು ಹೇಳಬೇಕೆಂದು ಕಲಿತೆ. ಹೊಟ್ಟೆಕಿಚ್ಚಿನಷ್ಟು ಒಳ್ಳೆಯ ಮೇಷ್ಟ್ರು ನನಗೆ ಯಾವ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ಅವಳಿಗೆ ಬಾರದ ಒಂದು ವಿದ್ಯೆ ನನಗಿತ್ತು. ಗಣಿಯಿಂದ ಬಂದವರ ಎದೆಗೆ ಎಲೆಕ್ಟ್ರೋಡ್ ಅಂಟುತ್ತಿರಲಿಲ್ಲ. ಬೆವರಿಗೆ ಅದಿರಿನ ಧೂಳು ಕೂಡಿ ಚರ್ಮದ ಮೇಲೆ ಒಂದು ಪದರವಾಗಿರುತ್ತಿತ್ತು. ಅವಳು ಬೆಂಗಳೂರಿನ ಲೆಕ್ಕದಲ್ಲಿ ಒಮ್ಮೆ ಸ್ಪಿರಿಟ್ ಒರೆಸಿ ಅಂಟಿಸುವಳು, ಕ್ಷಣದಲ್ಲಿ ಗೆರೆ ಅಲೆದಾಡುವುದು, ಕಿತ್ತು ಬೀಳುವುದು. ನಾನು ಮೊದಲು ಸೋಪು ನೀರು, ಆಮೇಲೆ ಒಣ ಗಾಜ್ ಬಟ್ಟೆಯಿಂದ ಚರ್ಮ ಕೆಂಪಾಗುವವರೆಗೆ ತಿಕ್ಕಿ, ಕೂದಲು ತೆಗೆದು, ಕೊನೆಗೆ ಸ್ಪಿರಿಟ್ ಒರೆಸಿ ಆರಲು ಬಿಡುತ್ತಿದ್ದೆ. ಅವಳು ಮೂರು ಸಲ ಅಂಟಿಸಿ ಸೋಲುವವರೆಗೆ ಸುಮ್ಮನೆ ನೋಡುತ್ತಿದ್ದು, ಆಮೇಲೆ ಎದ್ದು ಹೋಗಿ ಒಂದೇ ಸಲಕ್ಕೆ ಅಂಟಿಸಿ ಬರುತ್ತಿದ್ದೆ. ಅದೊಂದು ಸುಖ.

ಹೀಗಿರುವಾಗ ಕಂಪ್ಲಿಯಿಂದ ನನ್ನ ಮಾವನವರನ್ನು ಕರೆತಂದರು.

ಮಾವನವರದು ಅಲ್ಲಿ ಅಕ್ಕಿ ಗಿರಣಿ. ಊರಲ್ಲಿ ಮಾತಿಗೆ ತೂಕವಿದ್ದ ಗಟ್ಟಿ ಮನುಷ್ಯ. ಗಿರಣಿಯಲ್ಲೇ ಎದೆನೋವು ಬಂದು ಬೆವರಿ ಕುಸಿದಿದ್ದರು. ಹೃದಯಾಘಾತವಾಗಿತ್ತು. ರಕ್ತದ ಗಡ್ಡೆ ಕರಗಿಸುವ ಔಷಧ ಹೋಯಿತು, ನೋವು ಇಳಿಯಿತು, ಮೂರನೇ ಹಾಸಿಗೆಗೆ ತಂದರು. ಹಾಸಿಗೆಯ ಬಳಿ ನಾನು ಹೋದಾಗ ಅಭ್ಯಾಸಬಲದಿಂದ ಬಿಳಿ ಸೀರೆಯ ಸೆರಗು ತಲೆಯ ಮೇಲೆ ಬಂದಿತ್ತು. ಮದುವೆಯಾದಂದಿನಿಂದ ನಾನು ಅವರ ಮುಂದೆ ಕೂತವಳಲ್ಲ, ಅವರ ಮೈ ಮುಟ್ಟಿದವಳಲ್ಲ. ಕಾಲು ಮುಟ್ಟಿ ನಮಸ್ಕರಿಸುವುದೊಂದು ಬಿಟ್ಟರೆ.

ಎಲೆಕ್ಟ್ರೋಡ್ ತೆಗೆದುಕೊಂಡು ಅಂಗಿಯ ಗುಂಡಿಗೆ ಕೈ ಚಾಚಿದೆ. ಮಾವನವರು ಅಂಗಿಯನ್ನು ಎದೆಗೆ ಬಿಗಿಹಿಡಿದರು.

"ನೀ ಬ್ಯಾಡವಾ. ಸೊಸಿ ಮಾವನ ಎದಿಗೆ ಕೈ ಹಚ್ಚೋದಾ? ಆ ಹುಡುಗಿನ್ನ ಕಳಸು."

ಆ ಹುಡುಗಿ ಬಂದಳು. ಅವರ ಎದೆಯ ಮೇಲೆ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು, ಮೈಮೇಲೆ ಬೆಳಗಿನ ವಿಭೂತಿ. ಅವಳು ಕೇಳಿ ಕೇಳಿ ಕರಡಿಗೆಯನ್ನು ಪಕ್ಕಕ್ಕೆ ಸರಿಸಿ, ವಿಭೂತಿ ಒರೆಸಿ, ನಾನು ಮಾಡುತ್ತಿದ್ದಂತೆಯೇ ಗಾಜ್ ಬಟ್ಟೆಯಲ್ಲಿ ಚರ್ಮ ತಿಕ್ಕಿ, ಕೆಂಪು ತಂತಿ ಬಲಕ್ಕೆ, ಹಳದಿ ಎಡಕ್ಕೆ, ಹಸಿರು ಕೆಳಗೆ ಸಿಕ್ಕಿಸಿದಳು. ನನ್ನ ವಿದ್ಯೆಯನ್ನು ಯಾವಾಗ ಕದ್ದಳೋ ಗೊತ್ತಾಗಲಿಲ್ಲ. ನಾನು ಪರದೆಯ ಆಚೆ ನಿಂತಿದ್ದೆ.

"ಬಂಗಾರದಂಥ ಹುಡುಗಿ," ಎಂದು ಮಾವನವರು ಅತ್ತೆಗೆ ಹೇಳುವುದು ಕೇಳಿಸಿತು. "ಕೈ ಎಷ್ಟು ಹಗುರ ನೋಡು."

ಇಷ್ಟು ವರ್ಷ ಆ ಮನೆಯಲ್ಲಿ ಹಬ್ಬ ಮಾಡಿದ್ದೇನೆ, ಹೋಳಿಗೆ ತಟ್ಟಿದ್ದೇನೆ. ನನ್ನ ಕೈ ಬಗ್ಗೆ ಅವರು ಒಂದು ಮಾತು ಆಡಿದ್ದಿಲ್ಲ. ಕೆಲಸದ ಜಾಗ ಅವಳ ಪಾಲಾಗುವುದೋ ಏನೋ ಎಂಬ ಸಂಕಟ ಒಂದು ಕಡೆಯಾದರೆ, ಈಗ ಮನೆಯ ಹಿರಿಯರೂ ಅವಳ ಪಾಲಾದರು. ಅವತ್ತು ಊಟ ಸೇರಲಿಲ್ಲ.

ಮೂರನೆಯ ದಿನ ಬೆಳಗಿನ ತಿಂಡಿಯಾದ ಮೇಲೆ ನಾನು ಕೆಳಗಿನ ಔಷಧದಂಗಡಿಯಿಂದ ಮೇಲೆ ಬರುತ್ತಿದ್ದೆ. ಮೂರನೇ ಹಾಸಿಗೆಯ ಅಲಾರಂ ಒಂದೇ ಸಮ ಕೂಗುತ್ತಿತ್ತು. ಸಂಡೂರಿನವಳು, "ವಿಟಿ! ವಿಟಿ!" ಎಂದು ಶಾಕ್ ಯಂತ್ರದ ಗಾಡಿ ತಳ್ಳಿಕೊಂಡು ಓಡುತ್ತಿದ್ದಳು. ವಿಟಿ ಎಂದರೆ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ. ಮೇಲಿನಿಂದ ಬರುವ ಅಪ್ಪಣೆಗೆ ಕಾಯದೆ ಕೆಳಗಿನ ಕೋಣೆಯ ಯಾವುದೋ ಮೂಲೆ ತಾನೇ ಹುಚ್ಚೆದ್ದು ಬಡಿದುಕೊಳ್ಳುವುದು. ರಕ್ತ ಮುಂದಕ್ಕೆ ಹೋಗುವುದಿಲ್ಲ. ನಾಡಿ ನಿಂತರೆ ಶಾಕ್ ಕೊಡಲು ತನಗಾಗಿ ಕಾಯಬಾರದು ಎಂದು ಡಾಕ್ಟರು ನಮಗೆಲ್ಲ ಹೇಳಿಟ್ಟಿದ್ದರು.

ಮಾನಿಟರಿನಲ್ಲಿ ಅಗಲ ಅಗಲ ಅಲೆಗಳು ಏಳುತ್ತಿದ್ದವು, ಅದು ನಿಜ. ನಾನು ನೋಡಿದ್ದು ಮಾವನವರ ಹೆಗಲನ್ನು. ದಿಂಬಿಗೆ ಒರಗಿ, ಹೊದಿಕೆಯೊಳಗೆ ಎರಡೂ ಕೈ ಇಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೆಗಲು ಸಣ್ಣಗೆ, ತಾಳ ತಪ್ಪದೆ ಅಲುಗುತ್ತಿತ್ತು. ಮನೆಯ ಕಟ್ಟೆಯ ಮೇಲೆ ಆ ಹೆಗಲನ್ನು ಎಷ್ಟು ಬೆಳಗು ನೋಡಿದ್ದೇನೋ.

"ನಿಂದರ, ನಿಂದರ," ಎಂದೆ. "ಮಾವಾರು ತಂಬಾಕು ತಿಕ್ಕಾಕತ್ತಾರ."

ಸಂಡೂರಿನವಳು ಶಾಕ್ ಕೊಡುವ ಹಿಡಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ನಿಂತಳು. ನಾನು ಹೊದಿಕೆ ಸರಿಸಿದೆ. ಎಡ ಅಂಗೈಯಲ್ಲಿ ತಂಬಾಕು, ಸುಣ್ಣ, ಮೇಲೆ ಬಲಗೈ ಹೆಬ್ಬೆಟ್ಟು. ಅತ್ತೆ ತನ್ನ ಎಲೆಯಡಿಕೆಯ ಸಂಚಿಯಲ್ಲಿ ಮುಚ್ಚಿಟ್ಟು ತಂದು ಕೊಟ್ಟಿದ್ದಳು. ಕೈ ಅಲುಗಿದಂತೆ ತಂತಿ ಅಲುಗಿ, ತಂತಿ ಅಲುಗಿದಂತೆ ಗೆರೆ ಕುಣಿದಿತ್ತು.

"ಯಾಕ್ರಿ, ಏನಾತು? ಅದೇನು ಇಸ್ತ್ರಿ ಪೆಟ್ಟಿಗಿ ಹಿಡ್ಕೊಂಡು ಬಂದೀಯವಾ?" ಎಂದರು ಮಾವನವರು.

ವಾರ್ಡೆಲ್ಲ ನಕ್ಕಿತು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಕ್ಯಾಂಟೀನಿನಲ್ಲಿ ಹೇಳಿ ನಕ್ಕೆ, ಲ್ಯಾಬಿನಲ್ಲಿ ಹೇಳಿ ನಕ್ಕೆ, ಎಕ್ಸ್‌ರೇ ಕೋಣೆಯವರಿಗೆ ಅಭಿನಯಿಸಿ ತೋರಿಸಿದೆ. ಬೆಂಗಳೂರಿನಲ್ಲಿ ಕಲಿತವಳು ತಂಬಾಕಿಗೆ ಶಾಕ್ ಕೊಡಲು ಹೋಗಿದ್ದಳು! ಡಾಕ್ಟರು ಅವಳಿಗೆ, "ಮೊದಲು ಪೇಷಂಟ್ ನೋಡು, ಆಮ್ಯಾಲ ಮಾನಿಟರ್ ನೋಡು," ಎಂದಷ್ಟೇ ಹೇಳಿದರು. ನನಗೆ ಅದು ಸಾಲಲಿಲ್ಲ, ಇನ್ನೂ ನಾಲ್ಕು ಮಾತು ಬೈಯಬೇಕಿತ್ತು.

ಮಧ್ಯಾಹ್ನ ಅವಳು ಆ ಸುಳ್ಳು ಅಲೆಯ ಪಟ್ಟಿಯನ್ನೇ ಟೇಬಲ್ ಮೇಲೆ ಇಟ್ಟು ಪಾಠ ಮಾಡಿದಳು. ಕಣ್ಣು ಕೆಂಪಗಿತ್ತು. "ನಾ ಇದನ್ನ ಮೊದಲ ನೋಡ್ಬೇಕಿತ್ತು," ಎಂದಳು. ಅಲೆಗಳಿಗೆ ಮೊದಲು ಬಂದ ಎರಡು ಒಳ್ಳೆಯ ಮೊನೆಗಳ ಅಂತರವನ್ನು ಕಾಗದದ ಅಂಚಿಗೆ ಗುರುತು ಹಾಕಿ, ಅದೇ ಅಳತೆಯನ್ನು ಅಲೆಗಳ ಮೇಲೆ ಸರಿಸುತ್ತ ಹೋದಳು. ಅಳತೆ ಬಿದ್ದಲ್ಲೆಲ್ಲ ಅಲೆಯೊಳಗಿಂದ ಸಪೂರ ಮೊನೆಯೊಂದು ಇಣುಕುತ್ತಿತ್ತು. ಒಳಗೆ ಹೃದಯ ತನ್ನ ಪಾಡಿಗೆ ಸರಿಯಾಗಿಯೇ ನಡೆದಿದೆ, ಮೇಲೆ ಮಾತ್ರ ಗದ್ದಲ. ನಿಜವಾದ ವಿಟಿಯಲ್ಲಿ ಹೀಗೆ ಅಳತೆಗೆ ಸಿಗುವ ಸಪೂರ ಮೊನೆ ಇರುವುದಿಲ್ಲ, ಬೆರಳಿಗೆ ಹಾಕಿದ ಆಕ್ಸಿಜನ್ ಕ್ಲಿಪ್ಪಿನ ಅಲೆಯೂ ಸತ್ತಿರುತ್ತದೆ. ಸೋತದ್ದನ್ನೂ ಪಾಠ ಮಾಡಿಬಿಟ್ಟಳಲ್ಲ ಎಂದು ನನಗೆ ಮತ್ತೆ ಉರಿಯಿತು. ಆದರೂ ಕಿವಿಗೊಟ್ಟು ಕೇಳಿದೆ.

ಅಲ್ಲಿಂದ ಮುಂದೆ ಅದಕ್ಕೆ ವಾರ್ಡಿನಲ್ಲಿ 'ತಂಬಾಕು ರಿದಮ್' ಎಂದು ಹೆಸರಾಯಿತು. ಹೆಸರಿಟ್ಟವಳು ನಾನೇ. ಎಷ್ಟು ಹೇಳಿದರೂ ಅತ್ತೆಯ ಸಂಚಿ ಬರುವುದು ನಿಲ್ಲಲಿಲ್ಲ. ತಿಂಡಿಯಾದ ಮೇಲೆ ಮೂರನೇ ಹಾಸಿಗೆಯ ಅಲಾರಂ ಕೂಗಿದರೆ ಆಯಾ ಸಹ ಕಸಬರಿಗೆ ಕೆಳಗಿಡದೆ, "ಅಜ್ಜಾರ ತಂಬಾಕು," ಎಂದು ನಕ್ಕು ಮುಂದೆ ಹೋಗುತ್ತಿದ್ದಳು. ಯಾರೋ ಒಬ್ಬರು ಹೋಗಿ ಅಲಾರಂ ಒತ್ತಿ ನಿಲ್ಲಿಸುತ್ತಿದ್ದರು. ಸಂಡೂರಿನವಳು ಆ ಹಾಸಿಗೆಯ ಅಲಾರಂ ಬಂದರೆ ತಲೆ ಎತ್ತುವುದನ್ನೇ ಬಿಟ್ಟಳು. ನನಗೆ ಅದೂ ಒಂದು ಸುಖವಾಗಿತ್ತು.

ಆಮೇಲೊಂದು ಬೆಳಿಗ್ಗೆ, ಅವತ್ತೂ ತಿಂಡಿ ಮುಗಿದಿತ್ತು. ಡಾಕ್ಟರು ಕೆಳಗೆ ಹೊರರೋಗಿಗಳನ್ನು ನೋಡುತ್ತಿದ್ದರು. ಸಂಡೂರಿನವಳು ಮೊದಲನೇ ಹಾಸಿಗೆಯಲ್ಲಿ ಸಲೈನ್ ಬದಲಿಸುತ್ತಿದ್ದಳು. ನಾನು ಟೇಬಲ್ ಬಳಿ ಇದ್ದೆ. ಮೂರನೇ ಹಾಸಿಗೆಯ ಅಲಾರಂ ಕೂಗಿತು.

"ತಂಬಾಕಿನ ಟೈಮಾತು," ಎಂದಳು ಆಯಾ.

ಮಾನಿಟರಿನಲ್ಲಿ ಅಗಲ ಅಲೆಗಳು. ಮಾವನವರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಕಿಟಕಿಯ ಕಡೆ ವಾಲಿದ್ದರು. ಅತ್ತೆ ಪಕ್ಕದ ಸ್ಟೂಲಿನ ಮೇಲೆ ಸಂಚಿ ಬಿಚ್ಚುತ್ತಿದ್ದಳು. ಸಂಡೂರಿನವಳು ಸಲೈನ್ ಕೊಳವೆ ಹಿಡಿದುಕೊಂಡೇ ತಿರುಗಿದಳು. ಅವಳು ನೋಡಿದ್ದು ಮಾನಿಟರನ್ನಲ್ಲ, ನನ್ನ ಮುಖವನ್ನು.

"ನೀವ ಹೇಳ್ರಿ ಅಕ್ಕಾರ," ಎಂದಳು. "ನಿಮ್ಮ ಮಾವಾರು. ನಿಮಗ ಗೊತ್ತು."

ನಾನು ತಂಬಾಕು ಎಂದಿದ್ದರೆ ಅವಳು ಮತ್ತೆ ಸಲೈನ್ ಕಡೆ ತಿರುಗುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅತ್ತೆ ಸಂಚಿಯನ್ನು ಈಗ ಬಿಚ್ಚುತ್ತಿದ್ದಾಳೆ ಎಂಬುದು ಕಣ್ಣಿಗೆ ಬಿತ್ತು. ತಂಬಾಕು ಇನ್ನೂ ಸಂಚಿಯಲ್ಲೇ ಇದೆ.

ಟೇಬಲ್ ಮೇಲಿದ್ದ ಪಟ್ಟಿ ಯಂತ್ರದ ಗುಂಡಿ ಒತ್ತಿದೆ. ಕಾಗದ ಬಂತು. ಪ್ರಿಸ್ಕ್ರಿಪ್ಷನ್ ಹಾಳೆಯ ಅಂಚು ಇಟ್ಟು, ಅಲೆಯ ಮುಂಚಿನ ಎರಡು ಮೊನೆಗಳ ಅಳತೆ ಹಿಡಿದು ಸರಿಸಿದೆ. ಅಳತೆ ಬಿದ್ದಲ್ಲಿ ಮೊನೆ ಇಲ್ಲ. ಇನ್ನೊಂದು ಸಲ ಸರಿಸಿದೆ, ಅಲ್ಲೂ ಇಲ್ಲ. ಪಿ ಕಾಣದು. ಅಲೆಗಳು ನಾಲ್ಕೈದು ಸಣ್ಣ ಚೌಕದಷ್ಟು ಅಗಲ, ಒಂದರ ಬೆನ್ನಿಗೆ ಒಂದು. ತಲೆ ಎತ್ತಿದರೆ ಬೆರಳ ಕ್ಲಿಪ್ಪಿನ ಅಲೆ ಮಾನಿಟರಿನ ತಳದಲ್ಲಿ ಮಟ್ಟಸವಾಗಿ ಮಲಗಿತ್ತು.

"ಇದು ಖರೇದು," ಎಂದು ಕೂಗಿದೆ. "ವಿಟಿ! ಗಾಡಿ ತಾ!"

ಓಡಿ ಹೋಗಿ ಕುತ್ತಿಗೆಗೆ ಬೆರಳಿಟ್ಟೆ. ನಾಡಿ ಇಲ್ಲ. ಕಣ್ಣು ಮೇಲಕ್ಕೆ ಸಿಕ್ಕಿತ್ತು. ಸಂಡೂರಿನವಳು ಗಾಡಿ ತಂದು ಯಂತ್ರ ಹಚ್ಚಿದಳು, ಹಿಡಿಗಳಿಗೆ ಜೆಲ್ಲಿ ಸುರಿದಳು. ಅವಳು ಹಾಸಿಗೆಯ ಆ ಬದಿ, ನಾನು ಈ ಬದಿ. ಹಿಡಿಗಳು ನನ್ನ ಕಡೆ ಇದ್ದವು. ಅತ್ತೆ, "ಅಯ್ಯೋ, ನೀ ಮುಟ್ಟಬ್ಯಾಡ, ಆಕಿ ಮುಟ್ಟಲಿ!" ಎಂದು ಚೀರಿದಳು. ನಾನು ಮಾವನವರ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಗುಂಡಿ ಹಾರುವಂತೆ ಹರಿದೆ. ಕರಡಿಗೆಯನ್ನು ಹೆಗಲಿನ ಆಚೆ ಸರಿಸಿದೆ. ಒಂದು ಹಿಡಿ ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಪಕ್ಕೆಗೆ ಒತ್ತಿದೆ.

"ಎಲ್ಲಾರೂ ಸರೀರಿ!"

ಗುಂಡಿ ಒತ್ತಿದೆ. ಅವರ ಮೈ ಜಿಗಿದು ಬಿತ್ತು. ಗೆರೆ ನೆಟ್ಟಗಾಯಿತು. ಸಂಡೂರಿನವಳು ಮಂಚದ ಮೇಲೆ ಮಂಡಿಯೂರಿ ಎದೆ ಒತ್ತಲು ಶುರು ಮಾಡಿದಳು, ನಾನು ಮುಖಕ್ಕೆ ಮಾಸ್ಕ್ ಇಟ್ಟು, ಗಾಳಿಯ ಚೀಲ ಹಿಸುಕಿ ಉಸಿರು ಕೊಟ್ಟೆ. ಅವಳು ಕೈ ತೆಗೆದಾಗ ಒಂದು ಮೊನೆ ಎದ್ದಿತು. ಸ್ವಲ್ಪ ತಡೆದು ಇನ್ನೊಂದು. ಸಪೂರ ಮೊನೆ, ಮುಂದೆ ಪುಟ್ಟ ಪಿ. ಮತ್ತೊಂದು. ಕುತ್ತಿಗೆಯಲ್ಲಿ ನಾಡಿ ನನ್ನ ಬೆರಳಿಗೆ ತಟ್ಟಿತು. ನಾನು ಸದ್ದಿಲ್ಲದೆ ಅಳುತ್ತಿದ್ದೆ, ಅಳುತ್ತಲೇ ಆಕ್ಸಿಜನ್ ಹೆಚ್ಚು ಮಾಡಿದೆ.

ಡಾಕ್ಟರು ಮೆಟ್ಟಿಲು ಹಾರಿ ಬಂದರು. ಔಷಧದ ಡ್ರಿಪ್ ಶುರುವಾಯಿತು. ಪಟ್ಟಿಗಳನ್ನು ಕೈಗೆತ್ತಿಕೊಂಡು, "ಮೊದಲು ಓದಿದವ್ರು ಯಾರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸಂಡೂರಿನವಳು, "ಅಕ್ಕಾರು, ಸರ್. ನಾ ಸುಮ್ನ ನಿಂತಿದ್ದೆ," ಎಂದಳು. ನಾನೇ ಹೇಳಿಕೊಂಡು ಬೀಗಬೇಕೆಂದಿದ್ದ ಮಾತು ಅದು. ಅದನ್ನೂ ಅವಳೇ ಮೊದಲು ಹೇಳಿದಳು.

ಆಮೇಲೆ ಕೈ ತೊಳೆಯುವ ಜಾಗದಲ್ಲಿ ಇಬ್ಬರೇ ಇದ್ದಾಗ ಅವಳ ದನಿ ಬೇರೆಯಾಯಿತು. "ಅಕ್ಕಾರ, ಅವತ್ತು ಊರೆಲ್ಲ ಕೇಳಂಗ ನೀವು ನಗಾಡದಿದ್ರ ಇವತ್ತು ನಾ ನಿಮ್ಮ ಮಾರಿ ನೋಡ್ಕೊಂತ ನಿಂದರ್ತಿದ್ದಿಲ್ಲ. ಕಂಡಕೂಡ್ಲೆ ಓಡಿ ಬರ್ತಿದ್ದೆ. ನನಗ ಓಡಾಕ ಅಂಜಿಕಿ ಆತು." ನಾನು ನಲ್ಲಿ ಇನ್ನಷ್ಟು ತಿರುಗಿಸಿ ಮೊಣಕೈವರೆಗೆ ತೊಳೆದುಕೊಂಡೆ. ಅವಳ ಮೇಲೆ ಸಿಟ್ಟು ಬಂದಿತ್ತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲದ್ದಕ್ಕೆ ಇನ್ನೂ ಹೆಚ್ಚು ಬಂದಿತ್ತು. ಮರುದಿನ ವಾರ್ಡಿನಲ್ಲಿ ತಂಬಾಕು ರಿದಮ್ ಎಂದ ಆಯಾಳಿಗೆ ನಾನು ಹಾಕಿದ ಗದರಿಕೆ ಕೆಳಗಿನ ಮಹಡಿಗೂ ಕೇಳಿಸಿತಂತೆ.

ಡಾಕ್ಟರು ದಸರಾವರೆಗೆ ಕಾಯಲಿಲ್ಲ. ಇನ್‌ಚಾರ್ಜ್ ಜಾಗ ನನಗೆ ಕೊಟ್ಟರು. ಸಂಡೂರಿನವಳು ಕಲಿಸುವ ಕೆಲಸದಲ್ಲಿ ಮುಂದುವರಿದಳು. ಹೊಸ ಬಿಲ್ಲೆಯನ್ನು ಸೆರಗಿಗೆ ಚುಚ್ಚಿಕೊಂಡು ಕನ್ನಡಿಯಲ್ಲಿ ಎರಡೆರಡು ಸಲ ನೋಡಿಕೊಂಡೆ. ಖುಷಿ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಂದೇ ಸಂಜೆ ಅತ್ತೆ ನನ್ನನ್ನು ಮೆಟ್ಟಿಲ ಬಳಿ ಕರೆದಳು.

"ನಿಮ್ಮ ಮಾವಗ ಹೇಳಬ್ಯಾಡವಾ. ಸೊಸಿ ಅಂಗಿ ಹರದು ಎದಿ ಮುಟ್ಟಿದ್ಲು ಅಂದ್ರ ಆತ ನಾಚಿಕೀಲೆ ಮಾರಿ ಎತ್ತಂಗಿಲ್ಲ. ಆ ಹುಡುಗಿ ಮಾಡಿದ್ಲು ಅಂತ ಹೇಳೀನಿ. ಹಂಗ ಇರ್ಲಿ."

ಅತ್ತೆಯ ಕಣ್ಣು ಒದ್ದೆಯಾಗಿತ್ತು. ಅವಳು ನನ್ನ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ನಾನು ಹೂಂ ಎಂದೆ. ಸಂಡೂರಿನವಳಿಗೂ ಹಾಗೇ ಹೇಳಿಟ್ಟೆವು. ಅವಳು, "ಇದು ಸರಿ ಅಲ್ರಿ ಅಕ್ಕಾರ," ಎಂದು ಎರಡು ಸಲ ಅಂದಳು. ನಾನು ಸುಮ್ಮನಿರು ಎಂದ ಮೇಲೆ ಸುಮ್ಮನಾದಳು.

ಹೀಗಾಗಿ ಮಾವನವರ ಲೆಕ್ಕದಲ್ಲಿ ಅವರ ಜೀವ ಉಳಿಸಿದವಳು ಸಂಡೂರಿನವಳು. ಗಿರಣಿಗೆ ಬಂದವರಿಗೆಲ್ಲ ಅವಳ ಕಥೆ ಹೇಳುತ್ತಿದ್ದರು. ನಾನು ಕಂಪ್ಲಿಗೆ ಹೋದಾಗ ನನ್ನ ಮುಂದೆಯೇ ಹೇಳುತ್ತಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು ಅವರಿಗೆಲ್ಲ ಚಹಾ ಕೊಡುತ್ತಿದ್ದೆ.

ಮತ್ತೆ ತಪಾಸಣೆಗೆ ಬಂದ ದಿನ ಅವಳಿಗೆಂದು ಒಂದು ಚೀಲ ಸಣ್ಣಕ್ಕಿ ತಂದಿದ್ದರು. ಆಟೋದಿಂದ ಇಳಿಸಿ ಮೇಲೆ ತರುವ ಕೆಲಸ ನನ್ನದಾಯಿತು. ಸಂಡೂರಿನವಳು ಪರದೆಯ ಒಳಗೆ ಅವರ ಎದೆಗೆ ತಂತಿ ಹಚ್ಚಿದಳು. ಇಸಿಜಿ ಯಂತ್ರದ ಗಾಡಿ ಪರದೆಯ ಹೊರಗೆ, ನನ್ನ ಬಳಿ. ಪಟ್ಟಿ ನನ್ನ ಕೈಗೆ ಬಂತು. ವೇಗ ಸರಿ. ಅಂತರ ಸಮ. ಪ್ರತಿ ಮೊನೆಯ ಮುಂದೆ ಒಂದು ಪಿ. ಪಿಆರ್ ನಾಲ್ಕು ಸಣ್ಣ ಚೌಕ. ಮೊನೆ ಸಪೂರ. ಅದೇ ಕ್ರಮದಲ್ಲಿ ಎರಡು ಸಲ ಓದಿದೆ.

"ಹೆಂಗೈತವಾ ನನ್ನ ಎದಿ?" ಒಳಗಿನಿಂದ ಮಾವನವರು ಕೇಳಿದರು.

"ಚಲೋ ಐತ್ರಿ ಮಾವಾರ. ಬಡಿತ ಎಲ್ಲಾ ಸರಿ ಐತಿ," ಎಂದೆ.

"ನಿನ್ನ ಕೇಳಿಲ್ಲವಾ. ಆಕಿನ್ನ ಕೇಳೀನಿ."

ಪರದೆಯ ಅಂಚಿನಿಂದ ಸಂಡೂರಿನವಳ ಕೈ ಹೊರಗೆ ಬಂತು. ಪಟ್ಟಿ ಕೊಟ್ಟೆ. ಅವಳು ಓದುವಷ್ಟು ಹೊತ್ತು ನಾನು ಪರದೆಗೆ ಕಿವಿಗೊಟ್ಟು ನಿಂತಿದ್ದೆ, ಎಲ್ಲಿ ತಪ್ಪು ಹುಡುಕುತ್ತಾಳೋ ಎಂದು.

"ಅಕ್ಕಾರು ಹೇಳಿದ್ದ ಖರೆ ಐತ್ರಿ ಅಜ್ಜಾರ," ಎಂದಳು.

"ಹಾಂ," ಎಂದರು ಮಾವನವರು. "ಈಗ ನಂಬಿಕಿ ಬಂತು ನೋಡು."